ಮಗಳ ರಕ್ತದ ಚಿತ್ರ

ಹಿರಿಯ ಮಗಳು ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದರ ಮೇಲೆ ಅನುಮಾನ. ನನ್ನದು ಎದುರಿನ ತಾರಸಿಯ ಮೊಬೈಲ್ ಟವರಿನ ಮೇಲೆ. ಹೈದರಾಬಾದಿಗೆ ಕಂಪ್ಯೂಟರ್ ಕಂಪನಿಗಳು ಬಂದ ಕಾಲ ಅದು; ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲೂ ಅಪಾರ್ಟ್‌ಮೆಂಟು ಎದ್ದು, ಅದರ ನೆತ್ತಿಯ ಮೇಲೆ ಟವರು ಬಂದಿತ್ತು. ಗಂಡನಿಗೆ ಬೋರಿನ ನೀರಿನ ಮೇಲೆ ಅನುಮಾನ. ಆಯಿಗೆ ಯಾರದೋ ಕಣ್ಣಿನ ಮೇಲೆ.

ಆಯಿ ನನ್ನ ಅತ್ತೆ. ಅವ್ವನ ತಾಯಿಯೂ ಅವಳೇ. ನನ್ನನ್ನು ಸೋದರಮಾವನಿಗೇ ಕೊಟ್ಟಿದ್ದರು. ಕಲಬುರ್ಗಿ ಕಡೆಯ ನಮ್ಮ ಬಳಗದಲ್ಲಿ ಅದೇನೂ ವಿಶೇಷವಲ್ಲ. ಹೆಣ್ಣು ಮನೆಯಲ್ಲೇ ಉಳಿಯಿತು ಎಂದು ಸಮಾಧಾನ ಪಡುತ್ತಾರೆ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಗಂಡನನ್ನು ನಾನು ಮದುವೆಯಾದ ಮೇಲೂ ಮಾಮಾ ಎಂದೇ ಕರೆಯುತ್ತಿದ್ದೆ.

ಮಗಳು ವಯಸ್ಸಿಗೆ ತಕ್ಕಂತೆ ಬೆಳೆಯಲಿಲ್ಲ. ಬಲಗೈ ಹೆಬ್ಬೆರಳು ತೀರ ಚಿಕ್ಕದಿತ್ತು. ಮೈಮೇಲೆ ಅಲ್ಲಲ್ಲಿ ನೀಲಿ ಕಲೆ ಕಾಣಿಸಿಕೊಂಡಾಗ ಟೀಚರ್ ಹೊಡೆದಿದ್ದಾರೆಂದು ಶಾಲೆಗೆ ಹೋಗಿ ಜಗಳ ಮಾಡಿ ಬಂದೆ. ಹಲ್ಲುಜ್ಜುವಾಗ ವಸಡಿನಿಂದ ರಕ್ತವೂ ಬರತೊಡಗಿತು. ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು, ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತಿದೆ ಎಂದು. ಎಷ್ಟೋ ದಿನ ಏನೇನೋ ಔಷಧ ಕೊಟ್ಟರು. ಕೊನೆಗೆ ಹೊಸದಾಗಿ ಬಂದ ಡಾಕ್ಟರೊಬ್ಬರು ಆ ಹೆಬ್ಬೆರಳನ್ನು ಹಿಡಿದು ನೋಡಿ, ಹುಟ್ಟಿನಿಂದಲೇ ಹೀಗಿದೆಯೇ ಎಂದು ಕೇಳಿದರು. ಅವಳ ರಕ್ತವನ್ನು ಊರಿನ ಆಚೆ ತುದಿಯ ಲ್ಯಾಬಿಗೆ ಕಳಿಸಿದರು. ಫಲಿತಾಂಶ ಬರುವ ಹೊತ್ತಿಗೆ ಮಗಳು ಇರಲಿಲ್ಲ.

ದಿನಕರ್ಮಗಳು ಮುಗಿದ ಮೇಲೆ ಆಸ್ಪತ್ರೆಯಿಂದ ಹೇಳಿಕಳಿಸಿದರು: ಚಿಕ್ಕವಳ ರಕ್ತವನ್ನೂ ನೋಡಬೇಕು, ಅವಳಲ್ಲೂ ಅದೇ ರೋಗ ಇರಬಹುದು. ಚಿಕ್ಕವಳು ಆಗ ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು.

“ಒಂದನ್ನ ಸೂಜಿ ಚುಚ್ಚಿ ಚುಚ್ಚಿ ಕಳಕೊಂಡೀವಿ. ಇದನ್ನರೆ ಬಿಡ್ರಿ,” ಎಂದಳು ಆಯಿ.

ಆ ಮಾತು ನನಗೂ ನಿಜ ಅನ್ನಿಸಿತು. ಸತ್ತ ಮಗುವಿನ ರಕ್ತ ಇಟ್ಟುಕೊಂಡು ಇವರು ಮಾಡುತ್ತಿರುವುದೇನು? ಮಗುವನ್ನು ಬಿಟ್ಟು ಮೊದಲು ನಾನೊಬ್ಬಳೇ ಆ ಲ್ಯಾಬಿಗೆ ಹೋದೆ.

ಲ್ಯಾಬಿನಲ್ಲಿದ್ದ ಹುಡುಗಿ ಧಾರವಾಡದ ಕಡೆಯವಳು. ನನ್ನ ತೆಲುಗು ಕೇಳಿ ನಕ್ಕು ಕನ್ನಡಕ್ಕೆ ತಿರುಗಿದಳು. ಕನ್ನಡ ಮಾತಾಡಿ ಮರುಳು ಮಾಡುತ್ತಾಳೆಂದು ನಾನು ಇನ್ನಷ್ಟು ಬಿಗಿಯಾದೆ. ಅವಳು ಒಂದು ಚಿತ್ರ ತೋರಿಸಿದಳು. ಕಪ್ಪು ದಾರದ ತುಂಡುಗಳಂಥವು. ಕೆಲವು ತುಂಡಾಗಿದ್ದವು. ಇನ್ನು ಕೆಲವು ಒಡೆದು, ತಮ್ಮದಲ್ಲದ ತುಂಡಿಗೆ ಅಂಟಿಕೊಂಡು ನಾಲ್ಕು ತೋಳು ಚಾಚಿದ್ದವು. ರಕ್ತಕ್ಕೆ ಒಂದು ಔಷಧ ಹಾಕಿದರೆ ಹೀಗಾಗುತ್ತದೆ ಎಂದಳು.

“ಔಷಧ ಹಾಕಿದವ್ರೂ ನೀವೇ, ಒಡದವ್ರೂ ನೀವೇ. ಮ್ಯಾಲೆ ನನ್ನ ಮಗಳ ರಕ್ತದಾಗ ದೋಷ ಐತಿ ಅಂತೀರಿ?”

ಅವಳು ಸಿಟ್ಟಾಗಲಿಲ್ಲ. ಇನ್ನೊಂದು ಚಿತ್ರ ಇಟ್ಟಳು. ಅದರಲ್ಲಿ ದಾರಗಳೆಲ್ಲ ನೆಟ್ಟಗಿದ್ದವು.

“ಇದು ನನ್ನ ರಕ್ತ ರೀ ಅಕ್ಕಾ. ಅದೇ ಔಷಧ, ಅದೇ ದಿನ ಹಾಕೀನಿ.”

ಆಮೇಲೆ ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಇದು. ಕ್ರೋಮೋಸೋಮು ಎಂಬ ಈ ದಾರಗಳು ಎಲ್ಲರ ಮೈಯಲ್ಲೂ ದಿನವೂ ಒಡೆಯುತ್ತವೆ. ದಾರದ ಯಾವ ಭಾಗ ಎಚ್ಚರವಾಗಿ ಕೆಲಸ ಮಾಡುತ್ತಿರುತ್ತದೋ ಅಲ್ಲಿ ಒಡೆದರೆ ಜೀವಕೋಶ ಬೇಗ ಗಮನಿಸುತ್ತದೆ. ಪಕ್ಕದಲ್ಲಿರುವ ಅಂಥದೇ ಪ್ರತಿಯನ್ನು ನೋಡಿಕೊಂಡು ಸರಿಯಾಗಿ ಕೂಡಿಸುತ್ತದೆ. ಮಲಗಿದ ಭಾಗದಲ್ಲಿ ಎಷ್ಟೋ ಸಲ ತುದಿಗೆ ತುದಿ ಅಂಟಿಸಿ ಮುಗಿಸಿಬಿಡುತ್ತದೆ. ಇಷ್ಟೆಲ್ಲ ನಡೆಯಲು ರಿಪೇರಿಯ ಜೀನುಗಳೇ ಎಚ್ಚರವಿರಬೇಕು. ಅವು ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತವೆ. ಒಂದು ಕೆಲಸ ಮಾಡಿದರೂ ಸಾಕು. ನನ್ನ ಮಗಳಲ್ಲಿ ಅಂಥ ಒಂದು ಜೀನಿನ ಎರಡು ಪ್ರತಿಯೂ ಕೆಟ್ಟಿದ್ದವು.

“ಎರಡೂ ಒಂದೇ ಮನೆತನದಿಂದ ಬಂದಿರಬೇಕಂತ ನನಗ ಸಂಶಯ. ಆದ್ರ ಆಸ್ಪತ್ರ್ಯಾಗ ನಿಮ್ಮವರು ಏನೂ ಸಂಬಂಧ ಇಲ್ಲ ಅಂದಾರಂತ. ಖರೇನೇನ್ರಿ?”

ನಾನು ಹಾಗೆ ಹೇಳಿರಲಿಲ್ಲ. ದಾಖಲು ಮಾಡಿದ ದಿನ ನಾನು ರಕ್ತ ತೆಗೆಯುವ ಕೋಣೆಯಲ್ಲಿದ್ದೆ, ಮಾಮಾ ಔಷಧದ ಅಂಗಡಿಯಲ್ಲಿದ್ದರು. ಡಾಕ್ಟರ ಬಳಿ ಇದ್ದವಳು ಆಯಿ. ಟವರಿನ ಮೇಲಿದ್ದ ನನ್ನ ಅನುಮಾನ ಅಲ್ಲಿಂದ ಎದ್ದು ಅವಳ ಮೇಲೆ ಕುಳಿತಿತು. ಊರಲ್ಲಿ ಆಯಿಯ ಎರಡು ಕೂಸು ಸರಿಯಾಗಿ ಬೆಳೆಯದೇ ತೀರಿಹೋಗಿದ್ದವು. ಬಾಲಗ್ರಹ ಎನ್ನುತ್ತಿದ್ದಳು. ಆಯಿಯನ್ನೂ ಸಂಬಂಧದಲ್ಲೇ ಕೊಟ್ಟಿದ್ದರು. ಇವಳಿಗೆ ಎಲ್ಲ ಗೊತ್ತಿತ್ತೇ?

ಮನೆಗೆ ಬಂದವಳೇ ಕೇಳಿದೆ. ಆಯಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

“ಸಂಬಂಧ ಇಲ್ಲ ಅಂತ ಯಾಕ ಹೇಳಿದಿ?”

ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಬಾಜೂ ಮಂಚದಾಕಿಗೆ ನರ್ಸಮ್ಮ ಎಲ್ಲಾರ ಎದುರಿಗೆ ಬೈದ್ಲು. ಮೇನರಿಕಂ ಮಾಡ್ಕೊಂಡು, ಸಂಬಂಧದಾಗ ಲಗ್ನ ಆಗಿ, ಕೂಸಿನ ಜೀವ ತಿಂತೀರಿ ಅಂತ. ಆಕಿ ಸೆರಗಿನಾಗ ಮಾರಿ ಮುಚ್ಕೊಂಡು ಅತ್ಲು. ನಿನಗೂ ಬೈಸಬೇಕಿತ್ತೇನ?”

“ಖರೇ ಹೇಳಿದ್ರ ಜಲ್ದಿ ತಿಳೀತಿತ್ತು.”

“ತಿಳಿದಿದ್ರ ಉಳೀತಿದ್ಲೇನು?”

ಮಾಮಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ರಜೆ ಹಾಕಿ, ಚಿಕ್ಕವಳನ್ನು ಎತ್ತಿಕೊಂಡು ನನ್ನೊಡನೆ ಬಸ್ಸು ಹತ್ತಿದರು. ಆಯಿ ತಡೆಯಲಿಲ್ಲ, ಮಗುವಿನ ಹಣೆಗೆ ಭಸ್ಮ ಹಚ್ಚಿದಳು.

ಲ್ಯಾಬಿನ ಹುಡುಗಿ ಈ ಸಲ ಕೇಳುವ ಮೊದಲೇ ಮಾಮಾ ಹೇಳಿದರು, “ಈಕಿ ನನ್ನ ಅಕ್ಕನ ಮಗಳು.” ಅವರ ಬಾಯಿಂದ ಆ ಮಾತು ಅಷ್ಟು ಸಣ್ಣ ದನಿಯಲ್ಲಿ ಬಂದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಚಿಕ್ಕವಳ ಚಿತ್ರ ಬಂದಾಗ ದಾರಗಳು ನೆಟ್ಟಗಿದ್ದವು. ಅವಳಿಗೆ ರೋಗವಿಲ್ಲ ಎಂದರು. ಸೀಸೆ ಬದಲಾಗಿಲ್ಲವೇ, ಔಷಧ ಸರಿಯಾಗಿ ಹಾಕಿದ್ದೀರಾ ಎಂದು ಕೇಳಿದೆ. ಹುಡುಗಿ ಬೇಸರಿಸದೆ ಮತ್ತೊಮ್ಮೆ ರಕ್ತ ತೆಗೆದುಕೊಂಡಳು. ಅದೂ ನೆಟ್ಟಗೇ ಬಂತು. ಆದರೆ ಕೆಟ್ಟ ಪ್ರತಿ ಒಂದೇ ಒಂದು ಅವಳೊಳಗೆ ಇರಬಹುದು, ಈ ಪರೀಕ್ಷೆಗೆ ಅದು ಕಾಣುವುದಿಲ್ಲ ಎಂದೂ ಹೇಳಿದಳು.

ಆ ದೀಪಾವಳಿಗೆ ನನ್ನ ತಮ್ಮ ತನ್ನ ಮಗನನ್ನು ಕರೆದುಕೊಂಡು ಊರಿಂದ ಬಂದಿದ್ದ. ಚಿಕ್ಕವಳನ್ನು ತೊಟ್ಟಿಲಲ್ಲಿ ಹಾಕಿದ ದಿನವೇ ಆ ಹುಡುಗನಿಗೆಂದು ಮಾತಾಗಿತ್ತು. ತಮ್ಮ ನಗುತ್ತ ಅವಳನ್ನು ಸೊಸೆ ಎಂದು ಕರೆದ. ಹಾಗೆ ಕರೆಯಬೇಡ ಎಂದೆ. ಅವನ ಮುಖ ಸಪ್ಪಗಾಯಿತು. ಆಯಿ ಇಬ್ಬರು ಮಕ್ಕಳ ಕೈಗೂ ಒಂದೊಂದು ಕರ್ಜಿಕಾಯಿ ಕೊಟ್ಟು ಅಂಗಳಕ್ಕೆ ಕಳಿಸಿದಳು.

ಚಿಕ್ಕವಳು ಈಗ ನನಗಿಂತ ಎತ್ತರ. ಅವಳು ಹಲ್ಲುಜ್ಜಿ ಉಗುಳಿದ ನೀರು ಕೆಂಪಗಿದೆಯೇ ಎಂದು ನಾನು ಇವತ್ತಿಗೂ ಅವಳ ಹಿಂದೆ ನಿಂತು ನೋಡುತ್ತೇನೆ.