ಅಪ್ಪನ ಎರಡು ಗೇಣು

ಆ ಏರು ಬೀದಿಯಲ್ಲಿ ಬಡಗಿಯ ನಿಜವಾದ ಹೆಸರು ಅಂಚೆಯವನಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಆತ ಗೇಣಜ್ಜ. ಒಂದು ದಿನ ಬಿಟ್ಟರೆ ಜನ್ಮದಲ್ಲಿ ಟೇಪು ಮುಟ್ಟಿದವನಲ್ಲ. ಕಪಾಟಾಗಲಿ ಕಿಟಕಿಯಾಗಲಿ, ಹೆಬ್ಬೆರಳು ಕಿರುಬೆರಳು ಅಗಲಿಸಿ, ಕಂಬಳಿಹುಳು ನಡೆದ ಹಾಗೆ ಗೋಡೆಯ ಮೇಲೆ ಗೇಣು ಹಾಕಿಕೊಂಡು ಹೋಗುತ್ತಿದ್ದ. ಕೆಲಸ ಕಲಿಯಲು ಸೇರಿದ ಮೊದಲ ದಿನವೇ ಯಜಮಾನನ ಟೇಪು ಕಳೆದುಹಾಕಿದ್ದನಂತೆ. ಆ ಯಜಮಾನ ಒಳ್ಳೆಯವನು, ಬೈಯಲಿಲ್ಲ. "ಟೇಪು ಕಳೆದುಹೋಗುತ್ತೆ, ಕೈ ಎಲ್ಲಿಗೆ ಹೋಗುತ್ತೆ? ಇನ್ನು ಮೇಲೆ ಕೈಯಲ್ಲೇ ಅಳೆ" ಅಂದನಂತೆ. ಅಂದು ಅಳೆಯಲು ಹಿಡಿದವನು ಐವತ್ತೆಂಟು ವರ್ಷ ಅಳೆದ.

ಹಾಗೆ ಅಳೆದದ್ದು ಒಂದೂ ತಪ್ಪಲಿಲ್ಲ. ತಪ್ಪುವುದಾದರೂ ಹೇಗೆ? ಗೋಡೆ ಅಳೆದ ಕೈಯೇ ಮರವನ್ನೂ ಅಳೆಯುತ್ತಿತ್ತು. ಗಿರಾಕಿಗಳು ಲೆಕ್ಕ ಬರೆದುಕೊಂಡು ಬಂದರೆ ಮಾತ್ರ ಫಜೀತಿ. ಒಮ್ಮೆ ಕಚೇರಿಯ ಗುಮಾಸ್ತನೊಬ್ಬ ಚೀಟಿ ಹಿಡಿದುಕೊಂಡು ಬಂದ. "ಆರೂಕಾಲು ಅಡಿ ಮಂಚ ಬೇಕು" ಅಂದ. ಗೇಣಜ್ಜ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಮಂಚದ ಮೇಲೆ ಮಲಗೋದು ಚೀಟಿಯೋ, ನೀವೋ?" ಅಂದು ಆತನನ್ನು ಹಲಗೆಯ ಮೇಲೆ ಉದ್ದಕ್ಕೆ ಮಲಗಿಸಿ ಹಿಮ್ಮಡಿಯಿಂದ ನೆತ್ತಿಯ ತನಕ ಗೇಣು ಹಾಕಿದ. ಪಕ್ಕೆಯ ಹತ್ತಿರ ಬಂದಾಗ ಗುಮಾಸ್ತ ಕಚಗುಳಿ ತಾಳದೆ ಹೊರಳಾಡಿ ನಕ್ಕ. ಹಾಗಾಗಿ ಮತ್ತೆ ಹಿಮ್ಮಡಿಯಿಂದ ಶುರುಮಾಡಬೇಕಾಯಿತು.

ಮನೆಯಲ್ಲಿ ಮೂವರು ಮಕ್ಕಳು. ಅವರಿಗೂ ಕಸುಬಿನ ಹೆಸರೇ. ಹಿರಿಯವನು ಹುಟ್ಟುವಾಗಲೇ ಉದ್ದವಿದ್ದ, ಅವನು ತೊಲೆ. ಈಗ ಬಸ್ಸು ಓಡಿಸುತ್ತಾನೆ. ಕಿರಿಯವನು ಸಣ್ಣಗೆ ಚೂಪಾಗಿದ್ದ, ಅವನು ಮೊಳೆ. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸ. ನಡುವಿನ ಮಗಳು ಬಾಯಿ ಬಿಡುತ್ತಿದ್ದುದು ಅಪರೂಪ, ಅವಳು ಚಿಲಕ. ಹೆಂಡತಿಯನ್ನು ಮಾತ್ರ ಗೇಣಜ್ಜ "ಮೇಸ್ತ್ರಿ" ಅನ್ನುತ್ತಿದ್ದ. ಆಕೆ ಕೂತು ನೋಡಿ "ಹೂಂ" ಅನ್ನದೆ ಒಂದು ಕುರ್ಚಿಯೂ ಅಂಗಡಿ ದಾಟುತ್ತಿರಲಿಲ್ಲ. ಊರವರ ಬಾಗಿಲೆಲ್ಲ ಸದ್ದಿಲ್ಲದೆ ತೆರೆಯುವಂತೆ ಮಾಡಿದವನ ಮನೆಯ ಬಾಗಿಲು ಮಾತ್ರ ಕಿರ್ರೋ ಅನ್ನುತ್ತಿತ್ತು. ಯಾರಾದರೂ ಆಡಿಕೊಂಡರೆ, "ಅದು ಕೆಟ್ಟಿಲ್ಲ ಮಾರಾಯ, ಮಕ್ಕಳು ಎಷ್ಟು ಹೊತ್ತಿಗೆ ಬಂದ್ರು ಅಂತ ನನಗೆ ವರದಿ ಕೊಡುತ್ತೆ" ಅನ್ನುತ್ತಿದ್ದ.

ಚಿಲಕ ಹದಿನೇಳು ವರ್ಷ ಅಪ್ಪನ ಜೊತೆ ಅಂಗಡಿಯಲ್ಲಿದ್ದಳು. ಗರಗಸ ಎಳೆಯುವುದು, ಉಳಿ ಮಸೆಯುವುದು, ಮೂಲೆ ಕೂಡಿಸುವುದು ಎಲ್ಲ ಬರುತ್ತಿತ್ತು. ಅಳತೆ ಒಂದು ಮಾತ್ರ ಅಪ್ಪನದು. ಅವನು ಗೇಣು ಹಾಕುತ್ತಿದ್ದ, ಅವಳು ಗೆರೆ ಎಳೆಯುತ್ತಿದ್ದಳು. ಪೆನ್ಸಿಲು ಅಪ್ಪನ ಕಿವಿಯ ಸಂದಿಯಲ್ಲಿ. ಅದನ್ನು ಅಂಗಡಿಯೆಲ್ಲ ಹುಡುಕುವವನೂ ಅಪ್ಪನೇ. "ಮೇಸ್ತ್ರೀ, ನನ್ನ ಪೆನ್ಸಿಲು ನೋಡಿದ್ಯಾ?" ಅಂದರೆ ಒಳಗಿನಿಂದ, "ಕಿವಿ ನೋಡ್ಕೊಳ್ಳಿ!" ಅಂತ ಉತ್ತರ ಬರುತ್ತಿತ್ತು. ದಿನಕ್ಕೆ ನಾಲ್ಕು ಸಲವಾದರೂ ಇದು ತಪ್ಪಿದ್ದಲ್ಲ.

ಗೇಣಜ್ಜ ಹೋದದ್ದು ಒಂದು ಮಧ್ಯಾಹ್ನ, ಊಟ ಮುಗಿಸಿ, ತಾನೇ ಮಾಡಿದ ಕುರ್ಚಿಗೆ ಒರಗಿಕೊಂಡು. ಪೆನ್ಸಿಲು ಕಿವಿಯಲ್ಲೇ ಇತ್ತು.

ವರ್ಷ ತುಂಬುತ್ತ ಬಂದಾಗ ಅಪ್ಪನ ನೆನಪಿಗೆ ಏನಾದರೂ ಮಾಡಬೇಕೆಂದು ಮೂವರೂ ಅಂಗಡಿಯಲ್ಲಿ ಸೇರಿದರು. ತೊಲೆಗೆ ಬೀದಿಯ ತುದಿಯಲ್ಲಿ ಅಪ್ಪನ ಚಿತ್ರವಿರುವ ಕಲ್ಲು ನಿಲ್ಲಿಸುವ ಆಸೆ. ಮೊಳೆಗೆ ಬೀದಿಗೆಲ್ಲ ಊಟ ಹಾಕಿಸುವ ಆಸೆ.

"ಅಪ್ಪ ಒಂದು ನಿಮಿಷ ಒಂದೇ ಕಡೆ ನಿಂತವನಲ್ಲ. ಅವನನ್ನ ಕಲ್ಲು ಮಾಡಿ ನಿಲ್ಲಿಸ್ತೀಯೇನೋ ಅಣ್ಣಾ?" ಎಂದ ಮೊಳೆ.

"ನೀನು ಊಟ ಹಾಕಿಸೋದು ಅಪ್ಪನಿಗಲ್ಲ, ನಿನ್ನ ಹೊಟ್ಟೆಗೆ" ಎಂದ ತೊಲೆ.

ಮೂಲೆಯಲ್ಲಿ ತನ್ನ ಕುರ್ಚಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ಅಮ್ಮ ತಲೆ ಎತ್ತದೆ ಅಂದಳು: "ಬೆಂಚು."

ಅಷ್ಟೇ ಸಾಕಾಯಿತು. ಬೀದಿಯ ಕೆಳಗೆ ಬಸ್ಸು ನಿಲ್ಲುವ ಜಾಗ, ಮೇಲೆ ಆಸ್ಪತ್ರೆ. ನಡುವೆ ಕಾಲು ಸೋಲುವ ಏರು. ಅರ್ಧ ಹತ್ತುವ ಹೊತ್ತಿಗೆ ಮುದುಕರು ಗೋಡೆ ಹಿಡಿದು ನಿಂತುಬಿಡುತ್ತಿದ್ದರು. "ಇಲ್ಲೊಂದು ಬೆಂಚು ಹಾಕ್ಬೇಕು" ಎಂದು ಗೇಣಜ್ಜ ಇಪ್ಪತ್ತು ವರ್ಷ ಹೇಳಿದ. ಹಾಕಲಿಲ್ಲ. ಊರವರ ಕೆಲಸ ಮುಗಿದರಲ್ಲವೇ ತನ್ನ ಕೆಲಸ! ಆದರೆ ಮರ ಎತ್ತಿಟ್ಟಿದ್ದ. ಹಳೆಯ ಶಾಲೆ ಕೆಡವಿದಾಗ ತಂದ ಬಾಗಿಲ ಹಲಗೆ ಒಂದು, ಕಾಲಿಗೆಂದು ನಾಲ್ಕು ತುಂಡು, ಅಂಗಡಿಯ ಹಿಂದೆ ಗೋಣಿ ಹೊದ್ದುಕೊಂಡು ಕಾಯುತ್ತಿದ್ದವು. ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅಪ್ಪನ ದಪ್ಪ ಅಕ್ಷರ: 'ಬೆಂಚು. ಉದ್ದ ಎಂಟು ಗೇಣು. ಎತ್ತರ ಎರಡು ಗೇಣು.' ಅವನು ಬರೆದಿಟ್ಟ ಉಯಿಲು ಅಂತ ಇದ್ದರೆ ಅದೊಂದೇ.

ಅಂದೇ ತೊಲೆ ಇನ್ನೊಂದು ಮಾತೂ ತೆಗೆದ. "ಚಿಲಕಾ, ಬೇಜಾರು ಮಾಡ್ಕೋಬೇಡ. ಮೊಬೈಲ್ ರಿಪೇರಿಯವನು ಈ ಅಂಗಡಿ ಕೇಳ್ತಿದ್ದಾನೆ. ವರ್ಷದಿಂದ ನೀನು ಮುರಿದ ಸ್ಟೂಲಿಗೆ ಮೊಳೆ ಹೊಡೆದಿದ್ದು ಬಿಟ್ಟರೆ ಹೊಸದು ಏನೂ ಮಾಡಿಲ್ಲ."

ಮಾತು ಸುಳ್ಳಾಗಿರಲಿಲ್ಲ. ಹೊಸ ಕೆಲಸ ಕೇಳಿ ಯಾರಾದರೂ ಬಂದರೆ ಚಿಲಕನ ಕೈ ಹಿಂದಾಗುತ್ತಿತ್ತು. ಏಪ್ರನ್ನಿನ ಜೇಬಿನಲ್ಲಿ ಒಂದು ಟೇಪು ಗುಟ್ಟಾಗಿ ಇಟ್ಟುಕೊಂಡಿದ್ದಳು. ಅದನ್ನು ಹೊರಗೆ ತೆಗೆದರೆ ಗೋಡೆಗಳೇ ನಕ್ಕಾವು ಅನ್ನಿಸುತ್ತಿತ್ತು. ಆದರೂ ಅಂದಳು: "ಈ ಬೆಂಚು ಆಗಲಿ. ನೆಟ್ಟಗೆ ನಿಂತರೆ ಅಂಗಡಿ ನಾನು ನಡೆಸ್ತೀನಿ. ಇಲ್ಲದಿದ್ರೆ ಬೀಗದ ಕೈ ನಾನೇ ತಂದುಕೊಡ್ತೀನಿ."

"ಆದ್ರೆ ಮೂರು ಜನರ ಕೈಯೂ ಬೀಳಬೇಕು" ಎಂದಳು ಅಮ್ಮ. "ಅವರು ಮೂವರಿಗೂ ಅಪ್ಪ."

"ಮತ್ತೆ ಟೇಪು ಗೀಪು ಮುಟ್ಟೋ ಹಾಗಿಲ್ಲ" ಎಂದ ತೊಲೆ. "ಅಪ್ಪನ ಬೆಂಚು, ಗೇಣಲ್ಲೇ ಆಗಬೇಕು." ಇದಕ್ಕೆ ಮೂವರೂ ಕೂಡಲೇ ಒಪ್ಪಿದರು. ಆ ಮನೆಯವರಲ್ಲದೆ ಬೇರೆ ಯಾರೂ ಒಪ್ಪುತ್ತಿರಲಿಲ್ಲ.

ಎರಡು ಕಾಲು ತೊಲೆ ಒಯ್ದ, ಎರಡು ಮೊಳೆ ಒಯ್ದ. ಹಲಗೆ ಚಿಲಕನ ಪಾಲಿಗೆ ಉಳಿಯಿತು. ಬೀದಿಯವರಿಗೆಲ್ಲ ಭಾನುವಾರ ಬನ್ನಿ ಎಂದು ಹೇಳಿಯೂ ಆಯಿತು.

ಹಲಗೆಯ ಮುಂದೆ ಚಿಲಕ ಬಹಳ ಹೊತ್ತು ನಿಂತಳು. ಇರುವುದು ಒಂದೇ ಹಲಗೆ. 'ಕತ್ತರಿಸಿದ ಮರ ಬೆಳೆಯೋದಿಲ್ಲ ಚಿಲಕಾ' ಅನ್ನುತ್ತಿದ್ದ ಅಪ್ಪ. ಅವಳು ತನ್ನ ಕೈ ಚಾಚಿ ಇಟ್ಟು ನೋಡಿದಳು. ಅಪ್ಪನ ಕೈ ಎಂದರೆ ಅವಳ ಕಣ್ಣಿಗೆ ಬರುತ್ತಿದ್ದುದು, ಚಿಕ್ಕಂದಿನಲ್ಲಿ ಅವಳ ಇಡೀ ಬೆನ್ನನ್ನು ಮುಚ್ಚುತ್ತಿದ್ದ ಕೈ. ತನ್ನದು ಅದರ ಮುಂದೆ ಯಾವ ಲೆಕ್ಕ? ಆದ್ದರಿಂದ ಒಂದೊಂದು ಗೇಣಿಗೆ ಒಂದೊಂದು ಬೆರಳು ಸೇರಿಸುತ್ತ ಹೋದಳು. ಎಂಟು ಗೇಣು, ಎಂಟು ಬೆರಳು. ಗೆರೆ ಎಳೆದು, ಕಣ್ಣು ಅರ್ಧ ಮುಚ್ಚಿ ಗರಗಸ ಹಾಕಿದಳು.

ಶನಿವಾರ ಬೆಳಿಗ್ಗೆ ಅಣ್ಣ, ತಮ್ಮ ಇಬ್ಬರೂ ಬೆಂಚಿನ ಕಾಲುಗಳನ್ನು ಹೊತ್ತುಕೊಂಡು ಬಂದರು. ಒಂದು ತುದಿಗೆ ತೊಲೆಯ ಜೋಡಿ, ಇನ್ನೊಂದು ತುದಿಗೆ ಮೊಳೆಯ ಜೋಡಿ ನಿಲ್ಲಿಸಿ ಮೇಲೆ ಹಲಗೆ ಇಟ್ಟರು. ಚಿಲಕ ಪೆನ್ಸಿಲನ್ನು ಹಲಗೆಯ ಮೇಲಿಟ್ಟಳು. ಅದು ತೊಲೆಯ ಕಡೆಯಿಂದ ಹೊರಟು, ಗುಡುಗುಡು ಉರುಳಿ, ಮೊಳೆಯ ಕಾಲ ಬೆರಳಿನ ಮೇಲೆ ಬಿತ್ತು.

"ಮುದುಕರು ಸುಧಾರಿಸ್ಕೊಳ್ಳೋಕಾ ಇದು, ಜಾರಿ ಬಸ್ಸಿನೊಳಗೆ ಬೀಳೋಕಾ?" ಎಂದ ಮೊಳೆ.

"ನಿನ್ನ ಕೈ ನೋಡ್ಕೋ ಮೊದಲು. ಬನ್ನಿನಷ್ಟಿದೆ. ಅಪ್ಪನ ಕೈ ಮೊರದ ಹಾಗಿತ್ತು, ನನ್ನ ಹಾಗೆ."

"ನಿನ್ನ ಕೈ ಸ್ಟೇರಿಂಗ್ ಹಿಡಿದೂ ಹಿಡಿದೂ ಅಗಲ ಆಗಿದೆ. ಅದಕ್ಕೆ ಅಪ್ಪ ಏನು ಮಾಡ್ತಾನೆ?"

"ಅಪ್ಪ ನನ್ನ ಕಪಾಳಕ್ಕೆ ಒಂದು ಕೊಟ್ಟರೆ ಎರಡೂ ಕಿವಿ ಮುಚ್ಚುತ್ತಿತ್ತು ಕಣೋ!"

"ಅದಕ್ಕೇ ನಿನಗೆ ಬುದ್ಧಿಮಾತು ಕೇಳಿಸಲೇ ಇಲ್ಲ."

ಇಬ್ಬರೂ ಅಂಗೈಗೆ ಅಂಗೈ ಹಚ್ಚಿ ಜಗಳಕ್ಕೆ ನಿಂತರು. ಚಿಲಕನಿಗೆ ನಗುವೂ ಬಂತು, ಅಳುವೂ ಬಂತು. ನಾಳೆಯೇ ಭಾನುವಾರ. ಗೋಡೆಯ ಮೇಲೆ ನೇತಾಡುತ್ತಿದ್ದ ಬೀಗದ ಕೈ ಕಡೆಗೆ ಅವಳ ಕಣ್ಣು ಹೋಯಿತು. ಮೂಲೆಯ ಕುರ್ಚಿಯಲ್ಲಿ ಹೊಲಿಯುತ್ತ ಕೂತಿದ್ದ ಅಮ್ಮ ಗುಂಡಿಯ ದಾರವನ್ನು ಹಲ್ಲಿನಲ್ಲಿ ಕಡಿದಳು. ಅವಳ ಮುಖದ ಮೇಲೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ.

"ಅಮ್ಮಾ, ಅಪ್ಪನ ಗೇಣು ಎಷ್ಟಿತ್ತು ಅಂತ ನಿನಗೇನಾದರೂ ಗೊತ್ತಾ?" ಎಂದಳು ಚಿಲಕ.

"ಗೊತ್ತಿಲ್ಲದೆ ಏನು?"

"ಮತ್ತೆ ಹೇಳಬಾರದಿತ್ತಾ!" ಮೂವರೂ ಒಟ್ಟಿಗೆ ಕೂಗಿದರು.

"ಯಾರಾದರೂ ಕೇಳಿದ್ರಾ?" ಅಮ್ಮ ಎದ್ದು ಸೆರಗು ಕೊಡವಿಕೊಂಡಳು. "ನನ್ನ ಕುರ್ಚಿ ಬೋರಲು ಹಾಕಿ ನೋಡಿ."

ಕುರ್ಚಿಯ ಅಡಿಯಲ್ಲಿ, ಧೂಳಿನ ಕೆಳಗೆ, ಪೆನ್ಸಿಲಿನ ಅಕ್ಷರ ಮಾಸಿದ್ದರೂ ಓದಬಹುದಿತ್ತು: 'ಎತ್ತರ ಎರಡು ಗೇಣು. ಮೇಸ್ತ್ರಿಗೆ.'

ಚಿಲಕ ನಾಚಿಕೆ ಬಿಟ್ಟು ಜೇಬಿನಿಂದ ಟೇಪು ತೆಗೆದಳು. "ಓಹೋಹೋ!" ಎಂದ ಮೊಳೆ. ಅವಳು ಅವನನ್ನು ಕಣ್ಣಲ್ಲೇ ಗದರಿ ಕುರ್ಚಿಯ ಕಾಲಿಗೆ ಟೇಪು ಹಿಡಿದಳು. ಹದಿನಾರು ಇಂಚು. ಮೊಳೆಯ ಬೆಂಚುಕಾಲು ಹದಿನೇಳೂವರೆ. ತೊಲೆಯದು ಹತ್ತೊಂಬತ್ತು.

ತೊಲೆ ತನ್ನ ದೊಡ್ಡ ಅಂಗೈಯನ್ನು ಮೇಲೆ ಕೆಳಗೆ ಮಾಡಿ ನೋಡಿಕೊಂಡ. "ಅಪ್ಪನ ಕೈ... ಇಷ್ಟೇನಾ ಅಮ್ಮಾ?"

"ಇಷ್ಟೇ. ಕೆಲಸಕ್ಕೆ ಕೈಗವಸು ತಗೊಳ್ಳೋಕೆ ಹೋದರೆ ಹುಡುಗರ ಅಳತೆದು ಕೊಡ್ತಿದ್ದ ಅಂಗಡಿಯವನು. ಇವರಿಗೆ ಅವಮಾನ, ನನ್ನನ್ನೇ ಕಳಿಸೋರು. ಆ ಕೈಯಲ್ಲಿ ನಿನ್ನನ್ನ ಎತ್ತಿಕೊಂಡಾಗ ನೀನು ಎಷ್ಟುದ್ದ ಇದ್ದೆ ಹೇಳು? ಎರಡೂಮುಕ್ಕಾಲು ಗೇಣು. ಅವರೇ ಅಳೆದು ಹೇಳಿದ್ರು. ಅಷ್ಟುದ್ದದ ಕೂಸಿಗೆ ಯಾರ ಕೈಯಾದರೂ ಮೊರದ ಹಾಗೇ ಕಾಣುತ್ತೆ."

ತೊಲೆ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಮೊಳೆ ಅವನ ಬೆನ್ನು ತಟ್ಟಿದ. "ಬಿಡಣ್ಣ. ಆದ್ರೆ ಅಪ್ಪನಿಗೆ ಹತ್ತಿರ ಇರೋ ಕೈ ಯಾರದ್ದು ಅಂತ ಒಂದು ಸಲ ಜೋರಾಗಿ ಹೇಳಿಬಿಡು."

ಆ ಹೊತ್ತಿಗೆ ಚಿಲಕ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ ಅದರ ಪಕ್ಕದಲ್ಲಿ ಮೊಣಕಾಲೂರಿದ್ದಳು. ಹೆಬ್ಬೆರಳನ್ನು ನೆಲಕ್ಕಿಟ್ಟು ಕೈ ಚಾಚಿದಳು. ಒಂದು. ಕಿರುಬೆರಳು ನಿಂತಲ್ಲಿಗೆ ಹೆಬ್ಬೆರಳು ತಂದು ಮತ್ತೆ ಚಾಚಿದಳು. ಎರಡು. ಕಿರುಬೆರಳಿನ ತುದಿ ಕುರ್ಚಿಯ ಅಂಚಿಗೆ ಸರಿಯಾಗಿ ಬಂದು ನಿಂತಿತು. ಕೂದಲೆಳೆಯಷ್ಟು ಆಚೆ ಇಲ್ಲ, ಈಚೆ ಇಲ್ಲ. ನಂಬಿಕೆ ಬಾರದೆ ಇನ್ನೊಮ್ಮೆ ಅಳೆದಳು. ಆಗಲೂ ಅಷ್ಟೇ.

"ಅಯ್ಯೋ" ಎಂದಳು. "ಹಲಗೆ ಎಂಟು ಬೆರಳು ಉದ್ದ ಆಗಿದೆ. ನನ್ನ ಕೈ ಸಾಲೋದಿಲ್ಲ ಅಂತ ಸೇರಿಸಿಬಿಟ್ಟೆ."

"ಸಾಲದು ಅಂತ ಯಾರು ಹೇಳಿದ್ರು?" ಎಂದಳು ಅಮ್ಮ.

ಕತ್ತರಿಸಿದ ಮರ ಬೆಳೆಯುವುದಿಲ್ಲ, ನಿಜ. ಆದರೆ ಮೂವರೂ ಅಪ್ಪನ ಕೈಯನ್ನು ದೊಡ್ಡದು ಮಾಡಿ ಕತ್ತರಿಸಿದ್ದರಿಂದ ಮರವೆಲ್ಲ ಹೆಚ್ಚೇ ಉಳಿದಿತ್ತು. ಚಿಲಕ ಟೇಪನ್ನು ಮೊಳೆಯ ಕೈಗೆ ಕೊಟ್ಟು ತನ್ನ ಕೈ ಚಾಚಿದಳು. ಈ ಸಲ ಅವಳು ಗೇಣು ಹಾಕಿದಳು, ಅಣ್ಣ ಗೆರೆ ಎಳೆದ, ತಮ್ಮ ಹಲಗೆ ಅದುಮಿ ಹಿಡಿದ. ಮಧ್ಯಾಹ್ನದೊಳಗೆ ಬೆಂಚು ನೆಲದ ಮೇಲೆ ನಿಂತಿತು. ಪೆನ್ಸಿಲು ಇಟ್ಟಲ್ಲೇ ಇತ್ತು.

ಭಾನುವಾರ ಬೀದಿಯೇ ನೆರೆದಿತ್ತು. ಬೆಂಚನ್ನು ಹೊತ್ತು ತಂದು ಏರಿನ ನಡುವೆ, ಗೋಡೆಯ ಪಕ್ಕದಲ್ಲಿ ಇಳಿಸಿದರು. ಇಳಿಸಿದ್ದೇ ತಡ, ಬೆಂಚು ಕೆಳಗಡೆಗೆ ವಾಲಿತು. ಅಂಗಡಿಯ ನೆಲ ಸಮ, ಬೀದಿ ಇಳಿಜಾರು. ಹುಟ್ಟಿದಾಗಿನಿಂದ ಆ ಏರು ಹತ್ತಿದವರಿಗೆ ಅದೊಂದು ಹೊಳೆದಿರಲಿಲ್ಲ!

ಚಿಲಕ ಗಾಬರಿಯಾಗಲಿಲ್ಲ. ಬಗ್ಗಿ ನೋಡಿದಳು, ಬೆರಳಿಟ್ಟು ನೋಡಿದಳು, ಅಂಗಡಿಗೆ ಓಡಿದಳು. ತೊಲೆಯ ಕಾಲುಗಳಿಂದ ನಿನ್ನೆ ಕೊಯ್ದ ಮೂರು ಮೂರು ಇಂಚಿನ ಎರಡು ತುಂಡುಗಳನ್ನು ತಂದು, ಕೆಳಗಡೆಯ ಕಾಲುಗಳ ಅಡಿಗೆ ಸೇರಿಸಿ ಬಿಗಿದಳು. ಬೆಂಚು ಸಮವಾಗಿ ನಿಂತಿತು.

"ನಾನು ಹೇಳಲಿಲ್ವಾ?" ತೊಲೆ ಬೀದಿಗೆಲ್ಲ ಕೇಳುವಂತೆ ಕೂಗಿದ. "ನನ್ನ ಅಳತೆಯೇ ಸರಿ ಇತ್ತು!"

"ಹೌದಣ್ಣ, ನೀನು ಬೀದಿ ಅಳೆದಿದ್ದೆ, ನಾವು ಬೆಂಚು ಅಳೆದ್ವಿ" ಎಂದ ಮೊಳೆ.

ಮೊದಲು ಅಮ್ಮ ಕೂತಳು, ಮೇಲಿನ ತುದಿಯಲ್ಲಿ. ಪಾದ ಎರಡೂ ನೆಲಕ್ಕೆ ತಾಗಿದವು. ಹಿಂದಕ್ಕೂ ಮುಂದಕ್ಕೂ ಒಮ್ಮೆ ವಾಲಿ ನೋಡಿದಳು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು.

"ಹೂಂ" ಎಂದಳು.

ಜನ ಚಪ್ಪಾಳೆ ತಟ್ಟಿದರು. ತೊಲೆ ಬಂದು ಕೆಳಗಿನ ತುದಿಯಲ್ಲಿ ಕೂತ. ಅಲ್ಲಿ ಅವನ ಉದ್ದ ಕಾಲಿಗೂ ಜಾಗ ಸರಿಹೋಯಿತು. ಕೂತವನು ಮೊಬೈಲ್ ರಿಪೇರಿಯವನು ಅಂಗಡಿಗೆ ಬೆಲೆ ಬರೆದುಕೊಟ್ಟಿದ್ದ ಚೀಟಿಯನ್ನು ಜೇಬಿನಿಂದ ತೆಗೆದು, ಹರಿದು, ಉಂಡೆ ಮಾಡಿ ಮೊಳೆಯ ತಲೆಗೆ ಎಸೆದ.

ಅಷ್ಟರಲ್ಲಿ ಗುಮಾಸ್ತ ಮುಂದೆ ಬಂದ. ಅದೇ ಕಚಗುಳಿಯ ಗುಮಾಸ್ತ, ಈಗ ತಲೆ ಬೋಳಾಗಿತ್ತು. "ಚಿಲಕಮ್ಮಾ, ಒಂದು ಪುಸ್ತಕದ ಕಪಾಟು ಬೇಕಲ್ಲ. ಅಳತೆ ಬರೆದು ತಂದಿದ್ದೀನಿ."

ಚಿಲಕ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವನಿಗೇ ವಾಪಸು ಕೊಟ್ಟಳು. "ನಾಳೆ ಬೆಳಿಗ್ಗೆ ಮನೆಗೆ ಬರ್ತೀನಿ. ಗೋಡೆ ತೋರಿಸಿ ಸಾಕು." ಆಮೇಲೆ ಏಪ್ರನ್ನಿನ ಜೇಬು ತಡಕಿದಳು, ಬೆಂಚಿನ ಕೆಳಗೆ ಬಗ್ಗಿ ನೋಡಿದಳು. "ಅಮ್ಮಾ, ಹೆಸರು ಬರ್ಕೋಬೇಕಿತ್ತು. ನನ್ನ ಪೆನ್ಸಿಲು ನೋಡಿದ್ಯಾ?"

ಅಮ್ಮ ಬೆಂಚಿನ ಮೇಲೆ ಆರಾಮಾಗಿ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿಕೊಂಡಳು.

"ಕಿವಿ ನೋಡ್ಕೋ" ಎಂದಳು.