ಪೂಜೆಗೆ ನನ್ನ ಸ್ಪ್ಯಾನರ್

ಪೀಣ್ಯದಲ್ಲಿ ಲೇಥ್ ಮಿಷನ್ ರಿಪೇರಿ ಮಾಡೋ ನನ್ನನ್ನ ಆಯುಧಪೂಜೆಗೆ ಕರೆಯೋರು ಬಹಳ. ಈ ಸಲ ನಟ್ಟು ಬೋಲ್ಟು ತಯಾರಿಸೋ ಹಳೇ ಗಿರಾಕಿ ಗಂಗಾಧರಯ್ಯ ಫೋನ್ ಮಾಡಿ, "ಬರ್ತಾ ಸ್ಪ್ಯಾನರ್ ಬ್ಯಾಗ್ ತನ್ನಿ" ಅಂದರು. ಏನೋ ಕೆಟ್ಟಿರಬೇಕು ಅಂದ್ಕೊಂಡೆ.

ಹೋಗಿ ನೋಡಿದರೆ ಶೆಡ್ಡಿನಲ್ಲಿ ಒಂದು ಮಿಷನ್ನೂ ಇಲ್ಲ. ಸೂರಿನ ತನಕ ರಟ್ಟಿನ ಡಬ್ಬಗಳು.

"ಆಗ್ನೇಯ ಏಷ್ಯಾದ ದೇಶಗಳ ಜೊತೆ ನಮ್ಮ ಸರ್ಕಾರದ ಒಪ್ಪಂದ ಇದೆಯಲ್ಲ, ಅಲ್ಲಿಂದ ಬರೋ ಮಾಲಿಗೆ ಸುಂಕ ವರ್ಷವರ್ಷ ಇಳೀತು. ಇಳಿದಂಗೆಲ್ಲ ಒಂದೊಂದೇ ಮಿಷನ್ ಮಾರ್ಬಿಟ್ಟೆ. ಈಗ ಬೋಲ್ಟೇ ತರಿಸಿ ಮಾರ್ತೀನಿ" ಅಂದರು.

"ಕೆಲಸದೋರು?"

"ಅವ್ರೂ ಒಬ್ಬೊಬ್ಬರೇ ಹೋದ್ರು. ಅದಿರ್ಲಿ, ಪೂಜೆಗೆ ಆಯುಧ ಬೇಕಲ್ಲ? ಬ್ಯಾಗ್ ಕೊಡಿ."

ನನಗೆ ಮೈಯೆಲ್ಲ ಉರಿದುಹೋಯ್ತು. "ಈ ಡಬ್ಬಗಳಿಗೇ ಹೂ ಏರಿಸಿ ಸಾರ್, ನಿಮಗೆ ಅನ್ನ ಹಾಕ್ತಿರೋದು ಅವೇ ತಾನೇ!"

ಅವರು ನಕ್ಕರು. ನನ್ನ ಸ್ಪ್ಯಾನರ್‌ಗಳಿಗೆ ಕುಂಕುಮ ಇಟ್ಟು, ದೃಷ್ಟಿ ತಾಗದಿರಲಿ ಅಂತ ಬಾಗಿಲಲ್ಲಿ ಬೂದುಗುಂಬಳ ಒಡೆದರು. ತಾಗೋದೆಲ್ಲ ತಾಗಿ ಮುಗಿದ ಮೇಲೆ ಕುಂಬಳಕಾಯಿ!

ಹೊರಡುವಾಗ, "ಮುಂದಿನ ವರ್ಷಾನೂ ಮರೀದೇ ತನ್ನಿ" ಅಂದರು. ಅಂತೂ ಆ ಶೆಡ್ಡಿನಲ್ಲಿ ನನಗೊಂದು ಕೆಲಸ ಉಳೀತು. ವರ್ಷಕ್ಕೊಮ್ಮೆ ಹೋಗಿ ಸ್ಪ್ಯಾನರ್‌ಗೆ ಕುಂಕುಮ ಹಚ್ಚಿಸಿಕೊಂಡು ಬರೋದು.