ಖಾಲಿ ಓಡಬೇಕಿದ್ದ ಮೆಷಿನ್

ಹೊಸ ವಾಷಿಂಗ್ ಮೆಷಿನ್ನಿನ ಕೆಳಗಿನ ಮುಚ್ಚಳ ತೆಗೆದ ಮೆಕ್ಯಾನಿಕ್, ಒಳಗಿನಿಂದ ಒದ್ದೆ ಬಾಳೆನಾರೊಂದನ್ನು ಎಳೆದು ನನ್ನ ಮುಖ ನೋಡಿದರು. ನನಗೂ ಏನೂ ಅರ್ಥವಾಗಲಿಲ್ಲ. ಮೊದಲ ಸಲ ಬಟ್ಟೆ ಹಾಕದೆ ಖಾಲಿ ಓಡಿಸಿ ಎಂದು ಬೆಳಿಗ್ಗೆ ಅವರೇ ಹೇಳಿ ಹೋಗಿದ್ದರು. ಹಾಗೆಯೇ ಮಾಡಿದ್ದೆ. ಅರ್ಧ ಗಂಟೆಯಲ್ಲಿ ನೀರು ಹೊರಹೋಗದೆ ಅದು ನಿಂತುಬಿಟ್ಟಿತ್ತು. ಪರ್ಕಳದ ನಮ್ಮ ಬಾಡಿಗೆ ಮನೆಯ ಮೆಷಿನ್ನಿಗೆ ಬಾಳೆನಾರು ಎಲ್ಲಿಂದ ಬರಬೇಕು?

ಬಾಗಿಲ ಬಳಿ ನಿಂತಿದ್ದ ಅತ್ತೆ ಮೆಲ್ಲನೆ ಹೇಳಿದರು: "ನಾನೇ ಒಂದು ತುಂಡು ಮಲ್ಲಿಗೆ ಹಾಕಿದ್ದು. ಹೊಸತನ್ನು ಖಾಲಿ ಹೊಟ್ಟೆಯಲ್ಲಿ ಶುರು ಮಾಡುವುದುಂಟಾ?"

ಶಂಕರಪುರದ ಮಲ್ಲಿಗೆಯನ್ನು ಕಟ್ಟುವುದು ಬಾಳೆನಾರಿನಲ್ಲೇ. ಹೂವು ಕರಗಿ, ನಾರು ಉಳಿದಿತ್ತು. ಸಿಟ್ಟಾಗಬೇಕೋ ನಗಬೇಕೋ ನನಗೆ ತಿಳಿಯಲಿಲ್ಲ. ಮೆಕ್ಯಾನಿಕ್ ಎಲ್ಲ ಸರಿಮಾಡಿ, ಇನ್ನೊಮ್ಮೆ ಖಾಲಿಯೇ ಓಡಿಸಬೇಕು ಎಂದವರು ಅತ್ತೆಯ ಮುಖ ಕಂಡು ಮಾತು ನಿಲ್ಲಿಸಿದರು. ಆಮೇಲೆ ಕೈ ಒರೆಸಿಕೊಳ್ಳಲು ತಮ್ಮ ಹೆಗಲ ಮೇಲಿಟ್ಟುಕೊಂಡಿದ್ದ ಬೈರಾಸನ್ನು ಒಳಗೆ ಹಾಕಿ, "ಇದು ನಾರು ಬಿಡುವುದಿಲ್ಲ ಅಮ್ಮ" ಎಂದು ಗುಂಡಿ ಒತ್ತಿದರು.

ಬೈರಾಸು ಹೊರಬರುವ ಮೊದಲೇ ಅವರು ಹೋಗಿಬಿಟ್ಟಿದ್ದರು. ಖಾಲಿ ಓಡಿಸಲೇಬೇಕಿತ್ತೋ ಬೇಡವೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳೋಣವೆಂದರೆ ಐದು ವರ್ಷಗಳಲ್ಲಿ ಆ ಮೆಷಿನ್ ಮತ್ತೆ ಕೆಟ್ಟೇ ಇಲ್ಲ. ಬೈರಾಸು ನಮ್ಮಲ್ಲೇ ಉಳಿದಿದೆ.